ಲೈಗರ್ ತರುತ್ತೇವೆ ಎಂದವರಿಗೆ ಒಬ್ಬ ಹಳೆಯ ದನದ ಡಾಕ್ಟರನ ಬಹಿರಂಗ ಪತ್ರ

ಮಾನ್ಯ ಮುಖಂಡರಿಗೆ, ಅಂದು ವೇದಿಕೆ ಮೇಲೆ ತಮ್ಮ ಜೊತೆ ಕೂತಿದ್ದ ಪದಾಧಿಕಾರಿಗಳಿಗೆ, ಮತ್ತು ಕೆಳಗೆ ಕೂತು ಚಪ್ಪಾಳೆ ತಟ್ಟಿದ ನಮ್ಮ ವಿಜಯಪುರದ ಜನರಿಗೆ,

ನಮಸ್ಕಾರಗಳು.

ಕಳೆದ ತಿಂಗಳು ನಮ್ಮೂರಲ್ಲಿ ಪ್ರವಾಸೋದ್ಯಮದ ಬಗ್ಗೆ ಒಂದು ಸಭೆ ಆಯಿತು. ನಾನೂ ಬಂದಿದ್ದೆ. ಹಿಂದಿನಿಂದ ಮೂರನೇ ಸಾಲು, ಫ್ಯಾನಿನ ಕೆಳಗೆ. ತಾವು ಆಡಿದ ಮೊದಲ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. "ಗೋಳಗುಮ್ಮಟ ನೋಡಾಕ ಬಂದವರು ಎರಡು ತಾಸಿನಾಗ ವಾಪಸ್ ಹೊಂಟಬಿಡ್ತಾರ, ಊರಾಗ ಒಂದು ರಾತ್ರಿ ಉಳಿಯೂದಿಲ್ಲ" ಎಂದಿರಿ. ಖರೆ ಮಾತು. ಲಾಡ್ಜಿನವರಿಗೆ, ಖಾನಾವಳಿಯವರಿಗೆ, ಟಾಂಗಾ ಹೊಡೆಯುವವರಿಗೆ ಇದರ ಬಿಸಿ ದಿನಾ ತಟ್ಟುತ್ತದೆ.

ಎರಡನೇ ಮಾತಿಗೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಖಾಸಗಿಯವರನ್ನು ಕೂಡಿಸಿಕೊಂಡು ಇಲ್ಲೊಂದು ಸಫಾರಿ ಪಾರ್ಕ್ ಮಾಡೋಣ, ಅದರಲ್ಲಿ ಲೈಗರ್ ಇಡೋಣ ಎಂದಿರಿ. "ಹುಲಿ, ಸಿಂಹ ಎರಡೂ ಒಂದರಾಗ. ಭಾರತದಾಗ ಎಲ್ಲೂ ಇಲ್ಲ." ಆಮೇಲೆ ಪರದೆ ಮೇಲೆ ಒಂದು ವಿಡಿಯೋ ಬಂತು. ಅಮೆರಿಕದ ಒಂದು ದೈತ್ಯ ಪ್ರಾಣಿ, ಅದರ ಪಕ್ಕದಲ್ಲಿ ಮನುಷ್ಯ ಬೆಕ್ಕಿನ ಹಾಗೆ ಕಾಣುತ್ತಿದ್ದ. ಇದು ವಿಜ್ಞಾನಿಗಳು ತಯಾರಿಸಿದ ಹೊಸ ಜಾತಿ, ಇದರಿಂದ ವನ್ಯಜೀವಿಗಳ ಉಳಿವೂ ಆಗುತ್ತದೆ ಎಂದು ತಮ್ಮ ಪಕ್ಕದಲ್ಲಿದ್ದವರು ಮೈಕಿನಲ್ಲಿ ಹೇಳಿದರು. ಸಭಾಂಗಣ ಚಪ್ಪಾಳೆಯಿಂದ ತುಂಬಿತು.

ಪ್ರಶ್ನೆ ಕೇಳಲು ನಾನು ಕೈ ಎತ್ತಿದೆ. ಸಮಯ ಇಲ್ಲ ಅಂದರು. ಚಹಾ ಬಂತು. ಹಾಗಾಗಿ ಅಲ್ಲಿ ಕೇಳಬೇಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ತಪ್ಪು ತಿಳಿಯಬೇಡಿ.

ನಾನು ಯಾರು ಅಂತ ಮೊದಲು ಹೇಳಬೇಕು, ಅಲ್ವಾ? ಈ ಜಿಲ್ಲೆಯ ದನದ ದವಾಖಾನೆಗಳಲ್ಲಿ 32 ವರ್ಷ ದುಡಿದು ನಿವೃತ್ತನಾದವನು. ಪಶುವೈದ್ಯಕೀಯ ಕಾಲೇಜು ಓದಿದ ದೊಡ್ಡ ಡಾಕ್ಟರ್ ಅಲ್ಲ, ಅವರ ಕೈ ಕೆಳಗೆ ಕೆಲಸ ಮಾಡಿದವನು. ಹಳ್ಳಿಯಲ್ಲಿ ಮಾತ್ರ ಸೈಕಲ್ಲಿಗೆ ಬ್ಯಾಗು ತೂಗುಹಾಕಿಕೊಂಡು ಬಂದವರೆಲ್ಲ ಡಾಕ್ಟರ್ ಸಾಹೇಬರೇ. ನನ್ನ ಮುಖ್ಯ ಕೆಲಸ ಆಕಳು ಎಮ್ಮೆಗಳಿಗೆ ಕೃತಕ ಗರ್ಭಧಾರಣೆ. ಅಂದರೆ ತಳಿ ಬೆರೆಸುವುದೇ ನನ್ನ ಹೊಟ್ಟೆಪಾಡಾಗಿತ್ತು. ಜರ್ಸಿ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಎಂಬ ವಿದೇಶಿ ಹಾಲಿನ ತಳಿಗಳ ಹೋರಿಗಳ ವೀರ್ಯದ ಕಡ್ಡಿಗಳನ್ನು ನೈಟ್ರೋಜನ್ ಕ್ಯಾನಿನಲ್ಲಿಟ್ಟುಕೊಂಡು ಊರೂರು ಅಲೆದಿದ್ದೇನೆ. ಆದ್ದರಿಂದ ಇವನು ಬೆರಕೆ ಅಂದರೆ ಮೈಲಿಗೆ ಎನ್ನುವ ಮನುಷ್ಯ ಎಂದು ದಯವಿಟ್ಟು ಅಂದುಕೊಳ್ಳಬೇಡಿ.

ನಮ್ಮ ಭಾಗಕ್ಕೆ ಹೈಬ್ರಿಡ್ ಹೊಸದೂ ಅಲ್ಲ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ವರಲಕ್ಷ್ಮಿ ಹತ್ತಿ ಬಂತು. ಅದು ಹತ್ತಿಯ ಎರಡು ಬೇರೆ ಬೇರೆ ಜಾತಿಗಳನ್ನೇ ಕೂಡಿಸಿ ಮಾಡಿದ ತಳಿ. ಆಮೇಲೆ ಡಿಸಿಎಚ್-32 ಎಂಬ ಇನ್ನೊಂದು ಹೈಬ್ರಿಡ್ ಹತ್ತಿ ಬಂತು. ನಮ್ಮ ಅಪ್ಪ ಎರಡನ್ನೂ ಬಿತ್ತಿದ್ದರು. ಮೊದಲ ವರ್ಷದ ಬೆಳೆಯ ಬೀಜವನ್ನೇ ಎತ್ತಿಟ್ಟು ಮುಂದಿನ ವರ್ಷ ಬಿತ್ತಿದರೆ ಆ ಇಳುವರಿ ಬರುವುದಿಲ್ಲ ಎಂಬುದು ಅವರಿಗೆ ಒಂದು ಸಲ ಕೈ ಸುಟ್ಟುಕೊಂಡು ಗೊತ್ತಾಯಿತು. ಬೆರಕೆಯ ಜೋರು ಒಂದೇ ತಲೆಮಾರಿನದು. ಹೇಸರಗತ್ತೆಯನ್ನೇ ನೋಡಿ. ಕುದುರೆಗೆ 64 ವರ್ಣತಂತು (ಕ್ರೋಮೋಸೋಮ್), ಕತ್ತೆಗೆ 62, ಹೇಸರಗತ್ತೆಗೆ 63. ದುಡಿಯಲಿಕ್ಕೆ ಗಟ್ಟಿ, ಆದರೆ ಅದಕ್ಕೆ ಮರಿ ಇಲ್ಲ.

ಈಗ ಲೈಗರ್ ವಿಷಯಕ್ಕೆ ಬರುತ್ತೇನೆ.

ಗಂಡು ಸಿಂಹ, ಹೆಣ್ಣು ಹುಲಿ ಕೂಡಿದರೆ ಹುಟ್ಟುವುದು ಲೈಗರ್. ಗಂಡು ಹುಲಿ, ಹೆಣ್ಣು ಸಿಂಹ ಕೂಡಿದರೆ ಟೈಗನ್. ಎರಡೂ ಬೆರಕೆಯೇ, ಆದರೆ ಒಂದರ ಹಾಗೆ ಇನ್ನೊಂದಿಲ್ಲ. ಲೈಗರ್ ಅಪ್ಪ ಅವ್ವ ಇಬ್ಬರನ್ನೂ ಮೀರಿ ಬೆಳೆಯುತ್ತದೆ. ಟೈಗನ್ ಸಾಮಾನ್ಯವಾಗಿ ಹಾಗೆ ಬೆಳೆಯುವುದಿಲ್ಲ. ಯಾಕೆ ಅಂತ ಕೇಳಿದರೆ ವಿಜ್ಞಾನಿಗಳು ಕೊಡುವ ವಿವರಣೆ ಬಹಳ ಚಂದ ಇದೆ. ಸಿಂಹಗಳು ಗುಂಪಿನಲ್ಲಿ ಬಾಳುತ್ತವೆ. ಒಂದೇ ಹೆಣ್ಣು ಹಲವು ಗಂಡುಗಳ ಜೊತೆ ಕೂಡಬಹುದು. ನನ್ನ ಮರಿಯೇ ಮುಂದೆ ಬರಲಿ ಎಂದು ಗಂಡಿನ ಕಡೆಯ ಜೀನುಗಳು ಬೆಳವಣಿಗೆಯನ್ನು ಜಗ್ಗುತ್ತವೆ. ಹೆಣ್ಣಿನ ಕಡೆಯ ಜೀನುಗಳು ಅದಕ್ಕೆ ಮೂಗುದಾರ ಹಾಕುತ್ತವೆ. ಹುಲಿ ಒಂಟಿ ಪ್ರಾಣಿ, ಅದರಲ್ಲಿ ಈ ಜಗ್ಗಾಟ ಅಷ್ಟಿಲ್ಲ. ಸಿಂಹದ ಅಪ್ಪನಿಂದ ಜಗ್ಗುವ ಜೀನು ಬಂತು, ಹುಲಿಯ ಅವ್ವನ ಹತ್ತಿರ ಅದಕ್ಕೆ ತಕ್ಕ ಮೂಗುದಾರ ಇಲ್ಲ. ಮರಿ ಬೆಳೆಯುತ್ತಲೇ ಹೋಗುತ್ತದೆ. ತಾವು ತೋರಿಸಿದ ವಿಡಿಯೋದ ದೈತ್ಯನ ಗುಟ್ಟು ಇದೇ. ಅದು ಶಕ್ತಿ ಅಲ್ಲ ಸಾಹೇಬರೇ, ಲಗಾಮು ಹರಿದ ಬಂಡಿ.

ಇದನ್ನು ಯಾರೂ ಪ್ರಯೋಗಾಲಯದಲ್ಲಿ ತಯಾರಿಸಲಿಲ್ಲ. ಹುಲಿಮರಿಯನ್ನೂ ಸಿಂಹದ ಮರಿಯನ್ನೂ ಸಣ್ಣಂದಿನಿಂದ ಒಂದೇ ಬೋನಿನಲ್ಲಿ ಬೆಳೆಸಿದರೆ ಆಯಿತು. 1824ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಇಂಥ ಮರಿಗಳು ಹುಟ್ಟಿದ್ದವು, ಅವನ್ನು ರಾಜನಿಗೆ ತೋರಿಸಲು ಒಯ್ದಿದ್ದರು. ಅಂದರೆ 200 ವರ್ಷದಿಂದ ಇದರ ಉಪಯೋಗ ಒಂದೇ, ಪ್ರದರ್ಶನ.

ಹೊಸ ಜಾತಿ ಅಂತೂ ಖಂಡಿತ ಅಲ್ಲ. ಸಿಂಹಕ್ಕೂ ಹುಲಿಗೂ 38 ವರ್ಣತಂತುಗಳೇ, ಆದ್ದರಿಂದ ಮರಿ ಹುಟ್ಟುತ್ತದೆ. ಆದರೆ ಗಂಡು ಲೈಗರಿಗೆ ಸಂತಾನ ಶಕ್ತಿ ಇರುವುದಿಲ್ಲ. ಹೆಣ್ಣಿಗೆ ಕೆಲವು ಸಲ ಇರುತ್ತದೆ. 2012ರಲ್ಲಿ ರಷ್ಯಾದ ನೊವೊಸಿಬಿರ್ಸ್ಕ್ ಮೃಗಾಲಯದಲ್ಲಿ ಹೆಣ್ಣು ಲೈಗರ್ ಒಂದು ಸಿಂಹದಿಂದ ಮರಿ ಹಾಕಿತ್ತು. ಬೆರಕೆಯಲ್ಲಿ ಗಂಡು ಹೆಣ್ಣಿನ ಪೈಕಿ ಯಾವುದಕ್ಕೆ ಪೆಟ್ಟು ಬೀಳುತ್ತದೆ ಎಂಬುದರ ನಿಯಮವನ್ನು 1922ರಲ್ಲಿ ಬರೆದವರು ಜೆ.ಬಿ.ಎಸ್. ಹಾಲ್ಡೇನ್. ಇಂಗ್ಲೆಂಡಿನವರು, ಆದರೆ 1957ರಲ್ಲಿ ಭಾರತಕ್ಕೆ ಬಂದು ಇಲ್ಲೇ ನೆಲೆಸಿ, ಭುವನೇಶ್ವರದಲ್ಲಿ ತೀರಿಕೊಂಡರು. ತಾನೇ ಮುಂದುವರಿಯದ ಸಂತತಿಯನ್ನು ನಾವು ಜಾತಿ ಎಂದು ಕರೆಯುವುದಿಲ್ಲ.

"ಭಾರತದಾಗ ಎಲ್ಲೂ ಇಲ್ಲ" ಎಂದಿರಲ್ಲ, ಇತ್ತು. ಕೋಲ್ಕತ್ತಾದ ಆಲಿಪುರ ಮೃಗಾಲಯದಲ್ಲಿ 1970ರ ದಶಕದಲ್ಲಿ ಟೈಗನ್‌ಗಳನ್ನು ಹುಟ್ಟಿಸಿದ್ದರು. ಅದರಲ್ಲಿ ರುದ್ರಾಣಿ ಎಂಬ ಹೆಣ್ಣು ಟೈಗನ್ ಸಿಂಹದ ಜೊತೆ ಕೂಡಿ ಮರಿಗಳನ್ನೂ ಹಾಕಿತು. ಅವುಗಳಿಗೆ ಲಿಟಿಗನ್ ಎಂದು ಹೆಸರಿಟ್ಟರು. ಒಂದು ಗಂಡು, ಕ್ಯೂಬನಾಕನ್ ಅಂತ, ಭಾರಿ ಗಾತ್ರಕ್ಕೆ ಬೆಳೆದು 1991ರಲ್ಲಿ ಸತ್ತಿತು. ಆ ಕಾಲಕ್ಕೆ ಜನ ಮುಗಿಬಿದ್ದು ನೋಡಿದರು. ಆಮೇಲೆ ಆ ಪ್ರಯೋಗವನ್ನೇ ಕೈಬಿಟ್ಟರು. ನಮ್ಮ ದೇಶ ಮಾಡಿ, ನೋಡಿ, ಬೇಡ ಅಂತ ಬಿಟ್ಟ ಕೆಲಸ ಇದು. ಅದನ್ನೇ ತಾವು ಹೊಸದು ಎಂದು ವಿಜಯಪುರಕ್ಕೆ ತರುತ್ತಿದ್ದೀರಿ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಈ ಪತ್ರ ಬರೆಯಲಿಕ್ಕೆ ನಿಜವಾದ ಕಾರಣವೂ ಅದೇ.

ನೌಕರಿಗೆ ಸೇರಿ ಎರಡು ವರ್ಷ ಆಗಿತ್ತು. ಇಂಡಿ ತಾಲೂಕಿನ ಒಂದು ಹಳ್ಳಿ. ಒಬ್ಬ ರೈತರು ಬೆದೆಗೆ ಬಂದ ಮಣಕವನ್ನು ಹಿಡಿದುಕೊಂಡು ಬಂದರು. ನಾಡ ತಳಿ, ಸಣ್ಣ ಮೈ, ಚೊಚ್ಚಲು. "ಸಾಹೇಬ್ರ, ದೊಡ್ಡ ತಳೀದ ಹಾಕ್ರಿ. ಬಾಜೂ ಊರಾಗ ಎಚ್‌ಎಫ್ ಆಕಳ ಹತ್ತು ಲೀಟರ್ ಹಿಂಡತಾವು" ಎಂದರು. ಸಣ್ಣ ಮೈಯ ಚೊಚ್ಚಲು ಮಣಕಕ್ಕೆ ಎಚ್‌ಎಫ್ ಹಾಕಬಾರದು, ಹಾಕಿದರೆ ಜರ್ಸಿ ಹಾಕಬೇಕು ಎಂದು ನಮಗೆ ತರಬೇತಿಯಲ್ಲೇ ಹೇಳಿಕೊಟ್ಟಿದ್ದರು. ನನಗೂ ಗೊತ್ತಿತ್ತು. ಆದರೆ ಅವರು ಆಸೆಯಿಂದ ಕೇಳಿದರು, ನಾನು ಹೊಸಬ, ಇಲ್ಲ ಎನ್ನಲು ಬಾಯಿ ಬರಲಿಲ್ಲ. ಎಚ್‌ಎಫ್ ಹಾಕಿದೆ.

ಒಂಬತ್ತು ತಿಂಗಳು ಕಳೆದ ಮೇಲೆ ಒಂದು ರಾತ್ರಿ ಕರೆ ಬಂತು. ಕರು ಅಡ್ಡ ಸಿಕ್ಕಿರಲಿಲ್ಲ, ನೆಟ್ಟಗೇ ಇತ್ತು. ಆದರೆ ದೊಡ್ಡದು. ತಲೆ ಹೊರಗೆ ಬಂತು, ಹೆಗಲು ಬರಲಿಲ್ಲ. ಕಂದೀಲಿನ ಬೆಳಕಿನಲ್ಲಿ ಹಗ್ಗ ಕಟ್ಟಿ ನಾಲ್ಕು ಜನ ಜಗ್ಗಿದೆವು. ಮಣಕ ಮೊದಲು ಒದರಿತು, ಆಮೇಲೆ ಒದರುವುದನ್ನೂ ಬಿಟ್ಟಿತು. ಬೆಳಗಿನ ಜಾವ ಸತ್ತ ಕರು ಹೊರಗೆ ಬಂತು. ಮಣಕ ಮೂರು ದಿನ ಎದ್ದು ನಿಲ್ಲಲಿಲ್ಲ. ನಾಲ್ಕನೇ ದಿನ ಹೋಯಿತು. ಆ ರೈತರು ನನಗೆ ಒಂದು ಮಾತೂ ಬೈಯಲಿಲ್ಲ. ಕೈ ತೊಳೆಯಲಿಕ್ಕೆ ನೀರು ಕೊಟ್ಟರು.

ಅದಾದ ಮೇಲೆ ಎಷ್ಟೋ ಸಾವಿರ ಆಕಳುಗಳಿಗೆ ಇಂಜೆಕ್ಷನ್ ಮಾಡಿದ್ದೇನೆ. ಪ್ರತಿ ಸಲವೂ ಮೊದಲು ನೋಡಿದ್ದು ತಾಯಿಯ ಮೈಯನ್ನು. ತಮ್ಮ ವಿಡಿಯೋದಲ್ಲಿ ಆ ದೈತ್ಯ ಲೈಗರ್ ಮೂರು ನಿಮಿಷ ಇತ್ತು. ಅದನ್ನು ಹೊತ್ತ ಹುಲಿ ಒಂದು ಕ್ಷಣವೂ ಇರಲಿಲ್ಲ. ಹುಲಿಯ ಗರ್ಭ ಮೂರೂವರೆ ತಿಂಗಳಿನದು. ಬೇರೆ ಜಾತಿಯ ಮರಿ ಹೊತ್ತ ಹುಲಿಗೆ ಹೆರಿಗೆ ಕಷ್ಟವಾಗಬಹುದು, ಹೊಟ್ಟೆ ಕೊಯ್ದು ತೆಗೆಯಬೇಕಾಗಬಹುದು ಎಂದು ಬಲ್ಲವರು ಎಚ್ಚರಿಸುತ್ತಾರೆ. ಹುಟ್ಟಿದ ಮರಿಗೂ ಸುಖ ಇಲ್ಲ. ಅಷ್ಟು ಭಾರ ಹೊರುವ ಕೀಲು, ಅಷ್ಟು ದೊಡ್ಡ ಮೈಗೆ ರಕ್ತ ದೂಡುವ ಹೃದಯ, ಎಲ್ಲಕ್ಕೂ ಜಾಸ್ತಿ ಕೆಲಸ. ಸ್ವಭಾವದ ಗೊಂದಲ ಬೇರೆ. ಸಿಂಹಕ್ಕೆ ಬಳಗ ಬೇಕು, ಹುಲಿಗೆ ಒಂಟಿತನ ಬೇಕು. ಇದಕ್ಕೆ ಯಾವುದು ಬೇಕು ಅಂತ ಯಾರನ್ನು ಕೇಳುವುದು?

ನಾನು ಹಾಕಿದ ಎಚ್‌ಎಫ್‌ಗೆ ಒಂದು ಕಾರಣವಾದರೂ ಇತ್ತು. ಮನೆಯಲ್ಲಿ ಹಾಲಾಗುತ್ತಿತ್ತು, ಮಕ್ಕಳ ಫೀ ಕಟ್ಟುತ್ತಿದ್ದರು. ಲೈಗರ್ ಯಾರಿಗೆ ಏನು ಕೊಡುತ್ತದೆ? ಕಾಡಿಗೆ ಬಿಡುವ ಹಾಗಿಲ್ಲ. ಹುಲಿಗಳ ಲೆಕ್ಕದಲ್ಲೂ ಬರುವುದಿಲ್ಲ, ಸಿಂಹಗಳ ಲೆಕ್ಕದಲ್ಲೂ ಬರುವುದಿಲ್ಲ. ವನ್ಯಜೀವಿಗಳ ಉಳಿವು ಎಂದು ಮೈಕಿನಲ್ಲಿ ಹೇಳಿದವರು ಅದು ಹೇಗೆ ಅಂತಲೂ ಹೇಳಬೇಕಿತ್ತು. ಗುಜರಾತಿನ ಗಿರ್ ಕಾಡು ಮತ್ತು ಅದರ ಸುತ್ತಲ ಪ್ರದೇಶದಲ್ಲಿ 2025ರ ಗಣತಿಗೆ 891 ಸಿಂಹಗಳು ಸಿಕ್ಕವು. 2022ರ ಲೆಕ್ಕದಲ್ಲಿ ಕರ್ನಾಟಕದ ಕಾಡುಗಳಲ್ಲಿ 563 ಹುಲಿಗಳಿದ್ದವು. ಈ ಎರಡು ಸಂಖ್ಯೆಗೂ ಕಾಡು ಕಾದವರ ಬೆವರೇ ಕಾರಣ. ಬೋನಿನ ಬೆರಕೆಗೆ ಇದರಲ್ಲಿ ಪಾಲಿಲ್ಲ.

ಬೆರಕೆ ಮಾಡಿ ಕೈಸುಟ್ಟುಕೊಂಡ ಇನ್ನೊಂದು ಕಥೆ ನಮ್ಮ ದೇಶದ್ದೇ ಇದೆ. ಚಂಡೀಗಢದ ಹತ್ತಿರ ಛತ್‌ಬೀರ್ ಮೃಗಾಲಯ. ಅಲ್ಲಿ ಹುಲಿಯನ್ನೂ ಸಿಂಹವನ್ನೂ ಕೂಡಿಸಲಿಲ್ಲ, ಸಿಂಹವನ್ನು ಸಿಂಹದ ಜೊತೆಗೇ ಕೂಡಿಸಿದರು. ವ್ಯತ್ಯಾಸ ಇಷ್ಟೇ, ಕೆಲವು ಏಷ್ಯಾದ ಸಿಂಹ, ಕೆಲವು ಸರ್ಕಸ್ಸಿನಿಂದ ಬಂದ ಆಫ್ರಿಕಾದ ಸಿಂಹ. 1980ರ ದಶಕದಲ್ಲಿ ಶುರುವಾದದ್ದು. ಸಂಖ್ಯೆ ಬೆಳೆಯುತ್ತಾ ಹೋಯಿತು, ಎಲ್ಲರಿಗೂ ಖುಷಿ. ಮುಂದೆ ಬೆರಕೆಯೂ ಆಯಿತು, ಅದರೊಳಗೇ ಸಂಬಂಧಿಕರ ಕೂಡುವಿಕೆಯೂ ಆಯಿತು. ರೋಗ ತಡೆಯುವ ಶಕ್ತಿ ಕುಸಿಯಿತು. 2000ದ ಹೊತ್ತಿಗೆ ಸಿಂಹಗಳು ಒಂದರ ಹಿಂದೆ ಒಂದು ಸಾಯತೊಡಗಿದವು. ಗಾಯ ಮಾಯುತ್ತಿರಲಿಲ್ಲ, ಕಾಲು ಏಳುತ್ತಿರಲಿಲ್ಲ. ಕೊನೆಗೆ ಗಂಡುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಇದ್ದವು ಮುದಿಯಾಗಿ ಸಾಯುವವರೆಗೆ ಸಾಕಬೇಕಾಯಿತು. ಒಂದೇ ಜಾತಿಯ ಒಳಗೆ ಬೆರೆಸಿದ್ದಕ್ಕೇ ಈ ಗತಿ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ, ಅದು ತಮಗೇ ಚೆನ್ನಾಗಿ ಗೊತ್ತಿರಬೇಕು. ಹುಲಿ, ಸಿಂಹ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕೇಂದ್ರ ಮೃಗಾಲಯ ಪ್ರಾಧಿಕಾರದ ಮಾನ್ಯತೆ ಇಲ್ಲದೆ ಯಾರೂ ಮೃಗಾಲಯ ನಡೆಸುವಂತಿಲ್ಲ, ಸಫಾರಿ ಎಂದು ಹೆಸರಿಟ್ಟರೂ ಅಷ್ಟೇ. ಮಾನ್ಯತೆ ಇರುವ ಮೃಗಾಲಯವೂ ಜಾತಿ ಬೆರೆಸಿ ಮರಿ ಮಾಡಿಸುವಂತಿಲ್ಲ. ಹುಲಿ, ಸಿಂಹಗಳನ್ನು ಆಟಕ್ಕೆ ಬಳಸಬಾರದು ಎಂದು 1998ರಲ್ಲೇ ಆದೇಶ ಆಯಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಾನು ಹುಡುಗನಿದ್ದಾಗ ಸರ್ಕಸ್ಸಿನ ಸಿಂಹಕ್ಕೆ ಚಪ್ಪಾಳೆ ತಟ್ಟಿದವನೇ. ಈಗಿನ ಹುಡುಗರಿಗೆ ಆ ಸರ್ಕಸ್ ಇಲ್ಲ. ಇಲ್ಲದ್ದರಿಂದ ಅವರಿಗೇನೂ ಕಡಿಮೆ ಆಗಿಲ್ಲ.

ವಿದೇಶದಲ್ಲಿ ಇದೆಯಲ್ಲ ಅನ್ನಬಹುದು. ಇದೆ. ಆ ವಿಡಿಯೋದ ಪ್ರಾಣಿಯ ಹೆಸರು ಹರ್ಕ್ಯುಲಿಸ್. ಗಿನ್ನೆಸ್ ದಾಖಲೆಯಲ್ಲಿ ಅದರ ತೂಕ 418.2 ಕಿಲೋ, ಉದ್ದ 3.33 ಮೀಟರ್. ಅದು ಇದ್ದದ್ದು ಅಮೆರಿಕದ ಸೌತ್ ಕೆರೊಲಿನಾದ ಮರ್ಟಲ್ ಬೀಚ್ ಸಫಾರಿಯಲ್ಲಿ. ಅದರ ಮಾಲೀಕ ಡಾಕ್ ಆಂಟ್ಲ್ ವನ್ಯಜೀವಿಗಳ ಅಕ್ರಮ ಸಾಗಾಟ ಮತ್ತು ಹಣ ಅಕ್ರಮ ವರ್ಗಾವಣೆಯ ಪ್ರಕರಣದಲ್ಲಿ 2023ರಲ್ಲಿ ಅಲ್ಲಿನ ಫೆಡರಲ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ನಮ್ಮ ಊರಿಗೆ ಮಾದರಿ ಎಂದು ತಾವು ತೋರಿಸಿದ್ದು ಅವರ ಅಂಗಳವನ್ನು. 2022ರ ಡಿಸೆಂಬರಿನಲ್ಲಿ ಅಮೆರಿಕ ಹೊಸ ಕಾನೂನನ್ನೇ ಮಾಡಿತು. ಹುಲಿ, ಸಿಂಹ, ಚಿರತೆಗಳನ್ನು ಮನೆಯಲ್ಲಿ ಸಾಕುವುದಕ್ಕೂ, ದುಡ್ಡು ತೆಗೆದುಕೊಂಡು ಮರಿಗಳನ್ನು ಜನರ ಮಡಿಲಿಗೆ ಕೊಡುವುದಕ್ಕೂ ತಡೆ ಹಾಕಿತು. ಬೆರಕೆ ಪ್ರಾಣಿಗಳನ್ನೂ ಅದರಲ್ಲಿ ಸೇರಿಸಿತು. ತೈವಾನಿನಲ್ಲಿ 2010ರಲ್ಲಿ ಒಂದು ಖಾಸಗಿ ಮೃಗಾಲಯದಲ್ಲಿ ಲೈಗರ್ ಮರಿಗಳು ಹುಟ್ಟಿದಾಗ ಸರ್ಕಾರದವರು ಬಂದದ್ದು ಹಾರ ಹಾಕಲಿಕ್ಕಲ್ಲ, ದಂಡ ಹಾಕಲಿಕ್ಕೆ.

ಖರ್ಚನ್ನೂ ಸ್ವಲ್ಪ ನೋಡಿ. ಅಂಥ ಪ್ರಾಣಿಗೆ ದಿನಕ್ಕೆ ಹತ್ತು ಕಿಲೋ ಮಾಂಸ ಎಂದೇ ಹಿಡಿಯೋಣ. ಒಂದಕ್ಕೆ ವರ್ಷಕ್ಕೆ 3,650 ಕಿಲೋ. ನೀರಿನಲ್ಲಿ ಬೀಳುವ ಹುಲಿಯ ಚಟವೂ ಅದಕ್ಕಿರುತ್ತದೆ, ಕೊಳ ಬೇಕು. ನಮ್ಮಲ್ಲಿ ಏಪ್ರಿಲ್ ಬಂದರೆ 40 ಡಿಗ್ರಿ ದಾಟುತ್ತದೆ, ಎಷ್ಟೋ ಹಳ್ಳಿಗಳಲ್ಲಿ ಜನ ಕೊಡ ಹಿಡಿದು ಟ್ಯಾಂಕರ್ ಕಾಯುತ್ತಾರೆ. ಅವರ ಎದುರಿಗೆ ಆ ಕೊಳಕ್ಕೆ ನೀರು ಬಿಡುವವರು ಯಾರು?

ಇನ್ನು ಜಾತ್ರೆಯಲ್ಲಿ ಕಂಡ ಒಂದು ಡೇರೆಯ ಮಾತು. ಸಭೆಯಾಗಿ ಎರಡು ವಾರಕ್ಕೆ ನಮ್ಮ ಕಡೆಯ ಒಂದು ಜಾತ್ರೆಯಲ್ಲಿ "ಜೀವಂತ ಲೈಗರ್ ದರ್ಶನ" ಎಂದು ಒಂದು ಡೇರೆ ಎದ್ದಿತು. ಟಿಕೆಟ್ 30 ರೂಪಾಯಿ. ಹೊರಗೆ ತಮ್ಮ ಫೋಟೋ ಇರುವ ಶುಭಾಶಯದ ಫಲಕ. ಮೊಮ್ಮಗ ಹಟ ಹಿಡಿದ, ಹೋದೆವು. ಒಳಗೆ ಕೆಂಪು ಬಲ್ಬು, ಟೇಪಿನಲ್ಲಿ ಗರ್ಜನೆ, ಮೂಲೆಯಲ್ಲಿ ಪ್ಲಾಸ್ಟರಿನ ಒಂದು ಬೊಂಬೆ. ಹುಲಿಪಟ್ಟೆ ಬಳಿದು, ಕೊರಳಿಗೆ ಸೆಣಬಿನ ಕೇಸರ ಅಂಟಿಸಿದ್ದರು. ಬಾಲ ಹಗ್ಗದ್ದು. "ಮುತ್ಯಾ, ಇದು ಖರೇ ಜೀವಂತ ಐತೇನು?" ಎಂದು ಹುಡುಗ ಕೇಳಿದ. ಡೇರೆಯವ ನನ್ನ ಕಡೆ ನೋಡಿ ನಕ್ಕ. ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ. ಒಂದು ರೀತಿಯಲ್ಲಿ ಆ ಬೊಂಬೆಯೇ ವಾಸಿ. ಅದಕ್ಕೆ ಹಸಿವಿಲ್ಲ, ಕೀಲುನೋವಿಲ್ಲ. ಆದರೆ ಹೊರಗೆ ಬಂದ ಮೇಲೆ ಪಕ್ಕದವರು "ನಮ್ಮೂರಿಗೆ ಬರ್ತದಂತಲ್ಲ, ಅದರ ಸ್ಯಾಂಪಲ್ ಇದು" ಎಂದು ಮಕ್ಕಳಿಗೆ ಹೇಳುತ್ತಿದ್ದರು. ತಮ್ಮ ಒಂದು ಮಾತು ಎಲ್ಲಿಯವರೆಗೆ ಹೋಗುತ್ತದೆ ಎಂಬುದು ತಮಗೆ ತಿಳಿಯಲಿ ಎಂದು ಬರೆದೆ.

ಬೆರಕೆ ಪ್ರಾಣಿ ನೋಡುವ ಆಸೆ ಮನುಷ್ಯನಿಗೆ ಇದ್ದದ್ದೇ. ನಮ್ಮ ಹಿರಿಯರಿಗೂ ಇತ್ತು. ಅವರು ಅದನ್ನು ಕಲ್ಲಿನಲ್ಲಿ, ಲೋಹದಲ್ಲಿ ತೀರಿಸಿಕೊಂಡರು. ನಮ್ಮ ಗುಡಿಗಳ ಕಂಬಗಳಲ್ಲಿ ಯಾಳಿ ಇದೆ, ಮಕರ ಇದೆ. ರಾಜ್ಯದ ಲಾಂಛನದಲ್ಲೇ ಆನೆಯ ಸೊಂಡಿಲಿನ ಸಿಂಹಗಳಿವೆ, ನಡುವೆ ಎರಡು ತಲೆಯ ಗಂಡಭೇರುಂಡ. ನಮ್ಮೂರಿನ ಶೇರ್ಜಾ ಬುರುಜಿಗೆ ಹತ್ತಿ ನೋಡಿ. ಅಲ್ಲಿ ಮಲಿಕ್-ಎ-ಮೈದಾನ್ ತೋಪು ಇದೆ, 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, 55 ಟನ್ ಭಾರ. ಅದರ ಬಾಯಿ ಒಂದು ಮೃಗದ್ದು, ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಅದು ಸಿಂಹವೋ, ಮತ್ತೇನೋ ಎಂದು ಮಕ್ಕಳು ವಾದ ಮಾಡುತ್ತಾರೆ. ಈ ಊರಿನ ದಖನಿ ಮಾತಿನಲ್ಲಿ ಶೇರ್ ಅಂದರೆ ಹುಲಿಯೂ ಆದೀತು, ಸಿಂಹವೂ ಆದೀತು. ಹುಲಿ ಸಿಂಹ ಬೆರೆಯಲಿಕ್ಕೆ ನಾಲಿಗೆಯಷ್ಟು ಒಳ್ಳೆಯ ಜಾಗ ಬೇರೆ ಇಲ್ಲ.

ಜೀವಂತ ಪ್ರಾಣಿಯೇ ಬೇಕು ಎಂದರೆ ನಮ್ಮ ಸುತ್ತಲೇ ಇವೆ. ಪಕ್ಕದ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ 2016ರಲ್ಲಿ ಚಿಂಕಾರ ವನ್ಯಜೀವಿಧಾಮ ಆಯಿತು. ಕಲ್ಲುಗುಡ್ಡ, ಕುರುಚಲು ಕಾಡಿನ ನಡುವೆ ಆ ಸಣ್ಣ ಜಿಂಕೆ ನಿಂತು ನೋಡುವುದನ್ನು ನಮ್ಮ ಜಿಲ್ಲೆಯ ಎಷ್ಟು ಮಕ್ಕಳು ನೋಡಿದ್ದಾರೆ? ತೋಳ, ಕತ್ತೆಕಿರುಬ ನಮ್ಮ ಬಯಲಿನವು. ಕುರುಬರ ಹಟ್ಟಿಯಲ್ಲಿ ಒಂದು ರಾತ್ರಿ ಕೂತರೆ ತೋಳದ ನೂರು ಕಥೆ ಸಿಗುತ್ತವೆ. ತಳಿಯ ಹೆಮ್ಮೆ ಬೇಕೆಂದರೆ ಮುಧೋಳ ನಾಯಿ ಇದೆ, ಭಾರತೀಯ ಸೈನ್ಯದವರೆಗೆ ಹೋದದ್ದು. ಖಿಲಾರಿ ಎತ್ತು ಇದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಒಂದು ಒಳ್ಳೆಯ ಖಿಲಾರಿ ಜೋಡಿ ನಿಂತರೆ ಜನ ಇವತ್ತಿಗೂ ಸುತ್ತುಗಟ್ಟಿ ನೋಡುತ್ತಾರೆ. ಹುಲಿ, ಸಿಂಹವೇ ಬೇಕು ಎನ್ನುವವರು ಬೆಳಗಾವಿ ಹತ್ತಿರದ ಭೂತರಾಮನಹಟ್ಟಿಯ ಕಿರು ಮೃಗಾಲಯಕ್ಕೆ ಹೋಗಿ ಬರಬಹುದು. ಅಲ್ಲಿ ಅವು ಬೇರೆ ಬೇರೆ ಇವೆ, ಹಾಗೇ ಇರಲಿ.

ಪ್ರವಾಸಿಗರು ರಾತ್ರಿ ಉಳಿಯದಿರುವುದಕ್ಕೆ ಕಾರಣ ಪ್ರಾಣಿಯ ಕೊರತೆ ಅಲ್ಲ ಎಂಬುದು ನನ್ನ ಅನಿಸಿಕೆ. ಇಬ್ರಾಹಿಂ ರೋಜಾಕ್ಕೆ ಸಂಜೆ ಹೋಗಲಿಕ್ಕೆ ಸರಿಯಾದ ಬಸ್ ಇಲ್ಲ. ಶೌಚಾಲಯ ಹುಡುಕುವುದೇ ಒಂದು ಪ್ರವಾಸ. ಊರಿನ ಹಳೆಯ ಬಾವಡಿಗಳ ಕಥೆ ಹೇಳುವವರಿಲ್ಲ. ಇವೆಲ್ಲ ಮಾಡಿದರೆ ಫ್ಲೆಕ್ಸ್ ಹಾಕುವಷ್ಟು ದೊಡ್ಡ ಸುದ್ದಿ ಆಗುವುದಿಲ್ಲ, ಒಪ್ಪುತ್ತೇನೆ. ಇಷ್ಟಾದ ಮೇಲೂ ಲೈಗರ್ ಬೇಕೇ ಬೇಕು ಎಂದರೆ ಆಲಮಟ್ಟಿಯ ರಾಕ್ ಗಾರ್ಡನ್‌ನಲ್ಲಿ ಸಿಮೆಂಟಿನದೊಂದು ನಿಲ್ಲಿಸಿ. ಪಕ್ಕದಲ್ಲಿ ಒಂದು ಫಲಕ ಹಾಕಿ, ಇದು ಹೇಗೆ ಹುಟ್ಟುತ್ತದೆ, ಯಾಕೆ ಹುಟ್ಟಿಸಬಾರದು ಎಂದು ಬರೆಯಿರಿ. ಬೇಕಿದ್ದರೆ ಬರೆದು ಕೊಡಲು ನಾನು ತಯಾರಿದ್ದೇನೆ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಲೈಗರ್ ತರುವ ಮಾತನ್ನು ಯಾವ ವೇದಿಕೆಯಲ್ಲಿ ಆಡಿದಿರೋ ಅಂಥದೇ ವೇದಿಕೆಯಲ್ಲಿ ವಾಪಸ್ ತೆಗೆದುಕೊಳ್ಳಿ. ಬಂಡವಾಳ ಹಾಕಲು ಮುಂದೆ ಬಂದಿದ್ದಾರೆ ಎಂದಿರಲ್ಲ, ಅವರಿಗೆ ಪ್ರಾಣಿ ಎಲ್ಲಿಂದ ಬರುತ್ತದೆ, ಯಾರ ಪರವಾನಗಿ ಇದೆ ಎಂದು ಲಿಖಿತವಾಗಿ ಕೇಳಿ. ಉತ್ತರ ಬಂದರೆ ಜನರ ಮುಂದೆ ಇಡಿ. ಇಂಥ ಯೋಜನೆ ಇನ್ನೊಮ್ಮೆ ಹೊಳೆದರೆ ಮೊದಲು ಅರಣ್ಯ ಇಲಾಖೆಯವರನ್ನೂ ಒಬ್ಬ ಪಶುವೈದ್ಯರನ್ನೂ ಕೂರಿಸಿ ಮಾತಾಡಿ, ಆಮೇಲೆ ಮೈಕ್ ಹಿಡಿಯಿರಿ. ಜಾತ್ರೆಯ ಡೇರೆಯವರು ಹೊಟ್ಟೆಪಾಡಿನವರು, ಅವರ ಮೇಲೆ ಕೇಸು ಗೀಸು ಬೇಡ. "ಜೀವಂತ" ಎಂಬ ಪದ ತೆಗೆದರೆ ಸಾಕು, ತಮ್ಮ ಫೋಟೋವನ್ನೂ.

ಚಪ್ಪಾಳೆ ತಟ್ಟಿದ ನಮ್ಮ ಜನರಿಗೂ ಒಂದು ಮಾತು. ನಿಮ್ಮ ಮನೆಯ ಆಕಳಿಗೆ ಯಾವ ಹೋರಿಯ ಕಡ್ಡಿ ಅಂತ ಮೂರು ಸಲ ಕೇಳುತ್ತಿದ್ದವರು ನೀವು. ನನಗೆ ನೆನಪಿದೆ. ಮುಂದಿನ ಸಭೆಯಲ್ಲೂ ಹಾಗೇ ಕೇಳಿ.

ಗಾಂಧಿ ಚೌಕದ ಹತ್ತಿರ "ಶೀಘ್ರದಲ್ಲೇ ನಮ್ಮೂರಿಗೆ ಲೈಗರ್" ಎಂಬ ಫ್ಲೆಕ್ಸ್ ಇನ್ನೂ ನೇತಾಡುತ್ತಿದೆ. ಮೊಮ್ಮಗ ಶಾಲೆಗೆ ಹೋಗುವ ದಾರಿ ಅದೇ. ದಿನಾ ಕೇಳುತ್ತಾನೆ, "ಮುತ್ಯಾ, ಯಾವಾಗ ಬರ್ತದ?" ಈ ವಾರದೊಳಗೆ ಅದನ್ನು ಇಳಿಸಿಬಿಡಿ. ಉಳಿದ ಉತ್ತರಗಳಿಗೆ ನಾನು ಕಾಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ದನದ ದವಾಖಾನೆಯ ಒಬ್ಬ ನಿವೃತ್ತ ನೌಕರ
ವಿಜಯಪುರ